ಮೂರು ಚಾನೆಲ್ಲಿನ ಪೆಟ್ಟಿಗೆ ಮತ್ತು ಅಕ್ಕನ ಅರ್ಧ ದನಿ

ಬೀದಿಯ ಕೊನೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಆ ಹೆಂಗಸಿಗೆ ಸದ್ದಮ್ಮ ಎಂಬ ಹೆಸರು ಬಿದ್ದದ್ದು ಬಾಯಿಯಿಂದಲ್ಲ, ಗಿಟಾರಿನಿಂದ. ಹಗಲೆಲ್ಲ ಹಬೆಯ ನಡುವೆ ನಿಂತು ಕಾಲರುಗಳ ಸುಕ್ಕು ಬಿಡಿಸುವ ಅವಳು, ಸಂಜೆ ಅಂಗಡಿಯ ಬಾಗಿಲು ಹಾಕಿದ್ದೇ ತಡ, ಹಿಂದಿನ ಕೋಣೆಗೆ ಹೋಗಿ ಗಿಟಾರನ್ನು ಹೆಗಲಿಗೇರಿಸುತ್ತಿದ್ದಳು. ಆಗ ಎದುರು ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಅದು ಅವಳಿಗೆ ಕಾಣುತ್ತಿರಲಿಲ್ಲ ಎಂದಲ್ಲ. ಪಾಪ, ಅವರಿಗೆ ಚಳಿ ಇರಬೇಕು ಎಂದುಕೊಳ್ಳುತ್ತಿದ್ದಳು.

ಆ ಕೋಣೆಯಲ್ಲಿ, ಒಗೆದ ಬಟ್ಟೆಯ ಬುಟ್ಟಿಗಳ ನಡುವೆ, ನೆಲದ ಮೇಲೆ ಕೂತಿತ್ತು ಅವಳ ಆಂಪ್ಲಿಫೈಯರು, ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ಹಳೆಯ ಕಾಲದ ರೇಡಿಯೋಗಳಲ್ಲಿದ್ದಂತೆ ಒಳಗೆಲ್ಲ ಗಾಜಿನ ವಾಲ್ವುಗಳು. ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಸ್ವಿಚ್ಚು ಒತ್ತಿದೊಡನೆ ಬಾಯಿಬಿಡುವ ಜಾತಿಯಲ್ಲ ಅದು. ವಾಲ್ವುಗಳು ಕಾದು ಕೆಂಪಗಾಗುವ ತನಕ ತಾಳ್ಮೆಯಿಂದ ಕಾಯಬೇಕು, ಆಮೇಲೆ ಎರಡನೆಯ ಸ್ವಿಚ್ಚು ಒತ್ತಬೇಕು. ಚಾನೆಲ್ಲುಗಳು ಮೂರು. ಒಂದನೆಯದು ತಿಳಿಯಾದ ಸ್ವರಕ್ಕೆ, ಎರಡನೆಯದು ಸ್ವಲ್ಪ ಒರಟಿಗೆ, ಮೂರನೆಯದು ಗುಡುಗಿಗೆ. ಪ್ರತಿಯೊಂದಕ್ಕೂ ಅದರದೇ ನಾಬುಗಳ ಸಾಲು: ಸ್ವರ ಎಷ್ಟು ಒಡೆದು ಉರಿಯಬೇಕು ಎನ್ನುವ ಗೇನ್, ಅಡಿಯ ಸ್ವರಗಳಿಗೆ ಬಾಸ್, ನಡುವಿನವಕ್ಕೆ ಮಿಡ್, ಮೇಲಿನ ಚೂಪಿಗೆ ಟ್ರೆಬಲ್, ಕೊನೆಗೆ ವಾಲ್ಯೂಮ್. ಒಂದರಿಂದ ಇನ್ನೊಂದಕ್ಕೆ ಹೋಗಲು ಕಾಲ ಬಳಿ ಮೂರು ಗುಂಡಿಗಳ ಒಂದು ಪೆಡಲ್. ಇಷ್ಟೆಲ್ಲ ಇದ್ದರೂ ಸದ್ದಮ್ಮನ ಪಾಲಿಗೆ ಇದ್ದದ್ದು ಮೂರನೆಯ ಚಾನೆಲ್ ಒಂದೇ. ಅದರ ನಾಬುಗಳನ್ನು ಇನ್ನು ತಿರುಗದು ಎನ್ನುವ ತನಕ ತಿರುಗಿಸಿ ಬಿಟ್ಟಿದ್ದಳು. "ಕೊಟ್ಟಿರೋದು ತಿರುಗಿಸೋಕೆ ತಾನೆ?" ಎನ್ನುವುದು ಅವಳ ವಾದ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಹಾಡುವವಳು ಅವಳ ಅಕ್ಕ. ಡ್ರಮ್ ಬಾರಿಸುವವನು ಸದ್ದಮ್ಮನ ಗಂಡ, ವೃತ್ತಿಯಲ್ಲಿ ಬಡಗಿ. ಮೂವರೂ ಸೇರಿ ಬಡಾವಣೆಯ ಸಭಾಂಗಣದಲ್ಲಿ ಆಗಾಗ ಹಾಡುತ್ತಿದ್ದರು. ಅಕ್ಕನದು ಕಂಚಿನ ಕಂಠ. ತಂಗಿಯ ಗುಡುಗನ್ನು ಸೀಳಿಕೊಂಡು ಹೊರಬಾಗಿಲ ತನಕ ಹೋಗುತ್ತಿತ್ತು. ಹೀಗಿರುವಾಗ ಅಕ್ಕನ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡು ಆಪರೇಷನ್ ಆಯಿತು. ಕೆಟ್ಟ ಗಂಟಲ್ಲ ಎಂದು ಡಾಕ್ಟರು ಹೇಳಿದ ದಿನ ಸದ್ದಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತಳು. ಅಕ್ಕ ಉಳಿದಳು. ದನಿಯೂ ಮರಳಿತು, ಆದರೆ ಮರಳಿದ್ದು ಅರ್ಧ. ಮೈಕನ್ನು ಜೋರು ಮಾಡೋಣವೆಂದರೆ ಅದು ಕುಯ್ಯೆಂದು ಕಿರುಚುತ್ತಿತ್ತು.

"ಸಭಾಂಗಣದಲ್ಲಿ ಒಂದೇ ಒಂದು ಹಾಡು ಹಾಡ್ತೀನಿ ಕಣೇ," ಎಂದಳು ಅಕ್ಕ. "ಜನಕ್ಕೆ ಕೇಳಿಸಿದ್ರೆ ಸರಿ. ಇಲ್ಲಾಂದ್ರೆ ಇನ್ಮೇಲೆ ನನ್ನ ಕರೀಬೇಡ. ಸುಮ್ನೆ ಬಾಯಾಡಿಸ್ಕೊಂಡು ಕೂರೋಕೆ ನನ್ನಿಂದ ಆಗಲ್ಲ."

ಅಕ್ಕ ಮಾತಿಗೆ ತಪ್ಪುವವಳಲ್ಲ. ಸದ್ದಮ್ಮ ಗಿಟಾರ್ ಕಲಿತದ್ದೇ ಅಕ್ಕನ ಹಾಡಿಗೆ ಜೊತೆಯಾಗಲೆಂದು. ಅಕ್ಕ ಹಾಡದಿದ್ದರೆ ಆ ಪೆಟ್ಟಿಗೆಯ ಮೇಲೆ ಬಟ್ಟೆ ಮಡಚಿಡಬಹುದು, ಅಷ್ಟೆ.

ಅಭ್ಯಾಸ ಶುರುವಾಯಿತು. ಆಪರೇಷನ್ ಆದಮೇಲೆ ಅಕ್ಕನಿಗೆ ನಿಂತು ಹಾಡಿದರೆ ಸುಸ್ತು. ಪೆಟ್ಟಿಗೆಗೆ ಎದುರಾಗಿ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು ಹಾಡುತ್ತಿದ್ದಳು. ಸದ್ದಮ್ಮ ಮೂರನೆಯ ಚಾನೆಲ್ಲಿನ ವಾಲ್ಯೂಮನ್ನು ಇಳಿಸುವಳು, ಸ್ವರ ಮಂಕಾಯಿತೆಂದು ಟ್ರೆಬಲ್ ಏರಿಸುವಳು, ಸಾಲದೆಂದು ಮತ್ತೆ ವಾಲ್ಯೂಮಿಗೆ ಕೈಹಾಕುವಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಯಿತು ಹಾಡು.

"ಇನ್ನೂ ಕಮ್ಮಿ ಮಾಡೇ," ಎಂದಳು ಅಕ್ಕ, ಕಿವಿಗೆ ಅಂಗೈ ಅಡ್ಡ ಹಿಡಿದು.

"ಇದಕ್ಕಿಂತ ಕಮ್ಮಿ ಎಲ್ಲಿಂದ ಮಾಡ್ಲಿ ಅಕ್ಕಾ? ನನಗೇ ಸರಿಯಾಗಿ ಕೇಳಿಸ್ತಿಲ್ಲ!"

ಅಕ್ಕ ಸ್ಟೂಲಿನಿಂದ ಎದ್ದಳು. ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಆ ಸಿಟ್ಟಿನಲ್ಲಿ ಸದ್ದಮ್ಮ ತಂತಿಯನ್ನು ಎಳೆದ ರಭಸಕ್ಕೆ ಅದು ಪಟ್ಟೆಂದು ಹರಿಯಿತು. ಹೊಸ ತಂತಿ ಕಟ್ಟಲು ಅಕ್ಕನ ಸ್ಟೂಲಿನ ಮೇಲೆಯೇ ಕೂತಳು. ಬಿಗಿ ಮಾಡಿ, ಶ್ರುತಿ ನೋಡೋಣವೆಂದು ಒಮ್ಮೆ ಮೀಟಿದಳು.

ಕೆನ್ನೆಗೆ ಬಾರಿಸಿದಂತಾಯಿತು.

ಪೆಟ್ಟಿಗೆ ಇದ್ದದ್ದು ನೆಲದ ಮೇಲೆ. ಅದರ ಚೂಪು ಸ್ವರವೆಲ್ಲ ನೇರ ಮುಂದಕ್ಕೆ ಹೋಗುತ್ತಿತ್ತು. ಪಕ್ಕದಲ್ಲೇ ನಿಂತು ಬಾರಿಸುವ ಸದ್ದಮ್ಮನಿಗೆ ಅದು ತಗಲುತ್ತಿದ್ದದ್ದು ಮೊಣಕಾಲಿಗೆ. ಕಿವಿಗೆ ಬರುತ್ತಿದ್ದದ್ದು ಉಳಿದ ಮಂಕು ಮಾತ್ರ. ಮಂಕಾಗಿದೆಯೆಂದು ಅವಳು ಇನ್ನಷ್ಟು ಏರಿಸುವಳು. ಎದುರಿಗೆ ಕೂತವರು ಅದನ್ನೆಲ್ಲ ಮುಖಕ್ಕೇ ಹಾಕಿಸಿಕೊಳ್ಳುವರು. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ರೀ! ಇದು ಇಷ್ಟು ಕಿರುಚುತ್ತಾ? ಇಷ್ಟು ವರ್ಷ ಒಬ್ರಾದ್ರೂ ನನಗೆ ಹೇಳಬಾರದಿತ್ತಾ?"

ಗಂಡ ಡ್ರಮ್ಮಿನ ತಿರುಪು ಬಿಗಿಮಾಡುತ್ತಿದ್ದವನು ತಲೆ ಎತ್ತಲಿಲ್ಲ. "ಹೇಳಿದ್ವಿ ಮಾರಾಯ್ತಿ. ಪ್ರತಿ ಸಲ ಹೇಳಿದ್ವಿ. ನಿನಗೆ ಕೇಳಿಸಬೇಕಲ್ಲ!"

ಸಿಟ್ಟು ಮಾಡಬೇಕೆಂದುಕೊಂಡಳು, ನಗು ಬಂತು. ನಕ್ಕು ಮುಗಿಯುವ ಮೊದಲೇ ಕಣ್ಣು ತುಂಬಿತು. ಈಗಷ್ಟೇ ಗುಣವಾದ ಗಂಟಲನ್ನು ಹಿಡಿದುಕೊಂಡು ಅಕ್ಕ ದಿನಾ ಇದರ ಎದುರಿಗೆ ಕೂತಿದ್ದಳಲ್ಲ!

ಮರುದಿನ ಗಂಡ ಪೆಟ್ಟಿಗೆಯನ್ನು ಇಸ್ತ್ರಿ ಮೇಜಿನ ಮೇಲೆ ಎತ್ತಿಟ್ಟು, ಕೆಳಗೆ ಮರದ ತುಂಡು ಕೊಟ್ಟು, ಅದರ ಮುಖ ಹೆಂಡತಿಯ ಮುಖಕ್ಕೆ ಬರುವಂತೆ ಓರೆ ಮಾಡಿದ. "ಮಾಡಿದ್ದುಣ್ಣೋ ಮಹರಾಯ," ಎಂದು ಕೈ ಕೊಡವಿಕೊಂಡ. ಸದ್ದಮ್ಮ ಅಕ್ಕನನ್ನು ಕಾಡಿ ಬೇಡಿ ಕರೆತಂದು ಕೂರಿಸಿ, ಎಂದೂ ಮುಟ್ಟದ ಒಂದನೆಯ ಚಾನೆಲ್ಲಿಗೆ ಕೈಯಿಟ್ಟಳು. ನಾಬುಗಳು ಧೂಳು ಕೂತು ಕರಕರ ಎಂದವು. ಗೇನ್ ಚೂರೇ ಚೂರು, ಟ್ರೆಬಲ್ ಹಿಂದಕ್ಕೆ, ಬಾಸ್ ಹದಕ್ಕೆ. ಅಕ್ಕ ಒಂದೇ ಸಾಲನ್ನು ಹಾಡುತ್ತ ಹೋದಳು. ಎಷ್ಟು ತಿರುಗಿಸಿದರೂ ಗಿಟಾರೂ ದನಿಯೂ ಒಂದೇ ಕುರ್ಚಿಗೆ ಜಗಳವಾಡುವವರಂತೆ ತಳ್ಳಾಡುತ್ತಿದ್ದವು. ಬೇಸತ್ತು ಮಿಡ್ ನಾಬನ್ನು ಇಳಿಸಿದಳು. ಅಕ್ಕ ತಟ್ಟನೆ ಹಾಡು ನಿಲ್ಲಿಸಿದಳು.

"ಈಗೇನು ಮಾಡ್ದೆ?"

"ಮಿಡ್ ಇಳಿಸ್ದೆ."

"ಹಾಗೇ ಬಿಡು. ಮುಟ್ಟಬೇಡ."

ಮನುಷ್ಯರ ದನಿ ವಾಸಮಾಡುವುದು ಆ ನಡುವಿನಲ್ಲೇ. ಗಿಟಾರಿನ ಮೈಯೂ ಅಲ್ಲೇ. ಗಿಟಾರು ಪಕ್ಕಕ್ಕೆ ಸರಿದದ್ದೇ ಅಕ್ಕನ ಅರ್ಧ ದನಿಗೆ ಕಾಲು ಚಾಚುವಷ್ಟು ಜಾಗ ಸಿಕ್ಕಿತು. ಆದರೆ ಸದ್ದಮ್ಮನಿಗೆ ಸಂಕಟ. ಒಬ್ಬಳೇ ಬಾರಿಸಿ ನೋಡಿದರೆ ಸ್ವರ ಪೊಳ್ಳು, ಗಾಳಿ ಹೋದ ಚೆಂಡಿನ ಹಾಗೆ. "ಇದು ಗಿಟಾರೇ ಅಲ್ಲ ಅಕ್ಕಾ," ಎಂದು ಗೊಣಗಿದಳು.

"ಒಬ್ಬಳೇ ಬಾರಿಸೋದಾದ್ರೆ ನಿನ್ನಿಷ್ಟ," ಎಂದಳು ಅಕ್ಕ.

ಸದ್ದಮ್ಮ ಮಿಡ್ ನಾಬಿನಿಂದ ಕೈ ತೆಗೆದಳು. ಹಾಡಿನ ನಡುವೆ ಅಕ್ಕ ಉಸಿರು ತೆಗೆದುಕೊಳ್ಳುವ ಕಡೆ ಪೆಡಲ್ ಒತ್ತಿ ಎರಡನೆಯ ಚಾನೆಲ್ಲಿಗೆ ಹೋಗುವುದೆಂದು ಒಪ್ಪಂದವಾಯಿತು. ಅಲ್ಲಿ ಮಿಡ್ ಏರಿಸಿಟ್ಟಳು, ವಾಲ್ಯೂಮು ಒಂದು ಕೂದಲೆಳೆಯಷ್ಟು ಮೇಲೆ. ಮೂರನೆಯದರ ಸುದ್ದಿಗೆ ಹೋಗಲಿಲ್ಲ.

ಸಭಾಂಗಣ ತುಂಬಿತ್ತು. ಮಡಚುವ ಕುರ್ಚಿಗಳ ಕಿರಕಿರ ಸದ್ದು, ಕೆಮ್ಮು, ಪಿಸುಮಾತು. ಅಕ್ಕ ಸ್ಟೂಲಿನ ಮೇಲೆ ಕೂತು ಹಾಡು ಎತ್ತಿಕೊಂಡಳು. ಮೊದಲ ಚರಣ ದಾಟಿತು, ಕುರ್ಚಿಗಳ ಸದ್ದು ತಗ್ಗಿತು. ನಡುವಿನ ಗಿಟಾರ್ ಭಾಗ ಮುಗಿಸಿ ಸದ್ದಮ್ಮ ಸರಿಯಾಗಿ ಒಂದನೆಯ ಚಾನೆಲ್ಲಿಗೆ ಮರಳಿದಳು. ಕೊನೆಯ ಚರಣದ ಏರು ಸ್ವರಕ್ಕೆ ಹೋಗುವಾಗ ಅಕ್ಕನ ದನಿ ಒಡೆಯಿತು, ನಿಂತೇಹೋಯಿತು.

ಸದ್ದಮ್ಮನ ಕಾಲು ತಾನಾಗಿಯೇ ಪೆಡಲಿನಲ್ಲಿದ್ದ ಮೂರನೆಯ ಚಾನೆಲ್ಲಿನ ಗುಂಡಿಯ ಮೇಲೆ ಹೋಯಿತು. ಯಾರು ಎಡವಿದರೂ ಗುಡುಗು ಹಾಕಿ ಮುಚ್ಚಿಬಿಡುವುದು ಅವಳ ಹಳೆಯ ಚಾಳಿ. ಅದನ್ನೇ ಉಪಕಾರ ಎಂದುಕೊಂಡಿದ್ದವಳು ಅವಳು. ಈಗ ಒತ್ತಿದರೆ ಯಾರಿಗೂ ಏನೂ ತಿಳಿಯದು. ಅಕ್ಕನ ದನಿಯೂ ಕೇಳಿಸದು. ಜೀವ ಹಿಡಿಮಾಡಿಕೊಂಡು ಕಾಲು ಹಿಂದೆ ತೆಗೆದಳು. ಗಿಟಾರಿನ ಮೇಲಿದ್ದ ಚಿಕ್ಕ ನಾಬನ್ನು ಕಿರುಬೆರಳಿನಿಂದ ಇನ್ನೂ ಇಳಿಸಿ, ಒಂದೇ ತಂತಿಯ ಮೇಲೆ ಆ ಸಾಲನ್ನೇ ಮೆಲ್ಲಗೆ ಸುತ್ತುತ್ತ ಕಾದಳು. ಗಂಡ ಕಡ್ಡಿಗಳನ್ನು ತೊಡೆಯ ಮೇಲಿಟ್ಟ. ಇಡೀ ಸಭಾಂಗಣಕ್ಕೆ ಅಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು. ಮತ್ತೆ ಅದೇ ಸಾಲನ್ನು, ಏರದೆ, ಕೆಳಗಿನ ಸ್ವರದಲ್ಲೇ ಹಾಡಿದಳು. ದನಿ ನಡುಗಿತು, ಆದರೆ ಕೊನೆಯ ಸಾಲಿನ ಕುರ್ಚಿಗಳ ತನಕ ಒಂದೊಂದು ಅಕ್ಷರವೂ ಹೋಯಿತು.

ಚಪ್ಪಾಳೆ ಬಿತ್ತು. ಒಂದೇ ಹಾಡು ಎಂದಿದ್ದಳಲ್ಲ, ಈಗ ಎದ್ದು ಹೋಗುತ್ತಾಳೆ ಎಂದು ಸದ್ದಮ್ಮ ಗಿಟಾರಿನ ಪಟ್ಟಿಗೆ ಕೈಹಾಕಿದಳು. ಅಕ್ಕ ಏಳಲಿಲ್ಲ. ಒಂದು ಗುಟುಕು ನೀರು ಕುಡಿದು, ಮೈಕನ್ನು ಇನ್ನೊಂದು ಚೂರು ಹತ್ತಿರಕ್ಕೆ ಎಳೆದುಕೊಂಡು, ತಂಗಿಯ ಕಡೆ ತಿರುಗಿದಳು.

"ಮುಂದಿನದು ಯಾವ ಶ್ರುತೀಲಿ ಎತ್ಕೊಳ್ಳೋಣ?"

"ನೀನು ಹೇಳಿದ್ರಲ್ಲೇ ಅಕ್ಕಾ," ಎಂದಳು ಸದ್ದಮ್ಮ. ಎಷ್ಟು ಮೆಲ್ಲಗೆ ಎಂದಳೆಂದರೆ, ಅಕ್ಕ ಎರಡನೆಯ ಸಲ ಕೇಳಬೇಕಾಯಿತು.