ಅಂಗಾಲಿನ ಅಳತೆ

ಸಸಿತೋಟದಲ್ಲಿ ಎಲ್ಲರೂ ಅವಳನ್ನು ಸಸಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಬೀಜದ ಪಾತಿಗಳೆಲ್ಲ ಅವಳ ಪಾಲಿನವು. ಬೆಳಿಗ್ಗೆ ಬಂದವಳೇ ಗೇಟಿನ ಬಳಿ ಚಪ್ಪಲಿ ಬಿಟ್ಟು, ಪಾತಿಯ ಅಂಚಿನ ಮಣ್ಣಿನಲ್ಲಿ ಬಲಗಾಲಿನ ಬೆರಳೂರಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಇದಕ್ಕೆ ಬಾಯಾರಿದೆ, ಅದಕ್ಕೆ ನಾಳೆ ಸಾಕು. ಅಂಗಾಲು ಹೇಳಿದಷ್ಟೇ ನೀರು. ಅದು ಎಂದೂ ಸುಳ್ಳು ಹೇಳಿದ್ದಿಲ್ಲ.

ಕೈಕೊಟ್ಟದ್ದು ಉಳಿದ ಮೈ. ಒಂದು ವರ್ಷದಿಂದ ನೀರಿನ ಕ್ಯಾನು ಎತ್ತಿದರೆ ಎದೆ ಡವಗುಟ್ಟುತ್ತಿತ್ತು. ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲೆ. ಮೂರು ಪಾತಿ ಮುಗಿಯುವಷ್ಟರಲ್ಲಿ ಕುಂಡಗಳ ರಾಶಿಗೆ ಒರಗಿ ಕೂತುಬಿಡುತ್ತಿದ್ದಳು. ಐವತ್ತೆಂಟು ದಾಟಿತಲ್ಲ, ಗಾಣದೆತ್ತಿಗೂ ಒಂದು ದಿನ ಕಾಲು ಸೋಲುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಯಜಮಾನರು ಒಂದು ದಿನ ಅವಳ ಪಕ್ಕ ಬಂದು ನಿಂತರು. "ಸಸಿಯಕ್ಕ, ಬರೋ ತಿಂಗಳಿಂದ ಗೇಟಿನ ಹತ್ರ ಕೂತ್ಕೊಳ್ಳಮ್ಮ. ಕುರ್ಚಿ ಹಾಕಿಸ್ತೀನಿ. ಬಂದೋರಿಗೆ ಗಿಡ ತೋರಿಸಿದ್ರೆ ಸಾಕು. ಪಾತಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

ಕರುಣೆಯಿಂದಲೇ ಹೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೊಳಕೆಯೊಂದು ಮಣ್ಣು ಸೀಳಿ ತಲೆಯೆತ್ತುವ ಬೆಳಿಗ್ಗೆ ತಾನು ಕುರ್ಚಿಯಲ್ಲಿರುತ್ತೇನೆ ಎಂಬುದನ್ನು ನೆನೆದು ಅಂದು ಅವಳಿಗೆ ಅನ್ನ ಇಳಿಯಲಿಲ್ಲ.

"ನಿಮ್ಮ ಮುಖ ಸುಣ್ಣ ಹೊಡೆದ ಗೋಡೆ ಹಾಗಿದೆ, ಅತ್ತೆ," ಎಂದಳು ಸೊಸೆ. "ವಯಸ್ಸು ಅಂತ ಮಾತ್ರ ಹೇಳ್ಬೇಡಿ. ಪಕ್ಕದ ಮನೆ ಅಜ್ಜಿ ಎಂಬತ್ತಕ್ಕೂ ನಿಂತ್ಕೊಂಡೇ ಜಗಳ ಆಡ್ತಾರೆ."

ಸೊಸೆಯೇ ಕರೆದೊಯ್ದ ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡರು. ಮಲಪರೀಕ್ಷೆಗೆಂದು ಒಂದು ಡಬ್ಬಿ ಕೊಟ್ಟರು. ಮರುದಿನ ಅದನ್ನು ಸೆರಗಿನೊಳಗೆ ಮುಚ್ಚಿ ಒಯ್ದಾಗ ಕದ್ದ ಮಾಲು ಸಾಗಿಸಿದಂತಾಯಿತು ಅವಳಿಗೆ. ಎರಡು ದಿನ ಬಿಟ್ಟು ನರ್ಸಮ್ಮ ಚೀಟಿ ನೋಡಿ ಹೇಳಿದರು: "ಕೊಕ್ಕೆಹುಳ, ಅಮ್ಮ. ಕರುಳಿಗೆ ಕಚ್ಕೊಂಡು ರಕ್ತ ಹೀರ್ತಿವೆ. ಡಾಕ್ಟ್ರು ಮಾತ್ರೆ ಬರೆದಿದ್ದಾರೆ."

"ಹುಳದ ಮಾತ್ರೆ ಮಕ್ಕಳಿಗಲ್ವಾ? ಮೊಮ್ಮಗಳಿಗೆ ಕೊಟ್ಟಾಗ ನುಂಗಿದ್ಲೋ ಇಲ್ವೋ ಅಂತ ಬಾಯಿ ತೆಗೆಸಿ ನೋಡಿದೋಳೇ ನಾನು."

"ಹುಳ ವಯಸ್ಸು ಕೇಳ್ಕೊಂಡು ಒಳಗೆ ಬರುತ್ತಾ?"

ಸೊಸೆ ತಡೆಯಲಾರದೆ ಕೇಳಿದಳು: "ಹಾಗಾದ್ರೆ ನಾನೂ ಒಂದು ನುಂಗಿಬಿಡ್ಲಾ?"

"ಸುಮ್ಮಸುಮ್ನೆ ಯಾಕೆ? ಅನುಮಾನ ಇದ್ರೆ ಪರೀಕ್ಷೆ ಮಾಡಿಸಿ, ಇದ್ರೆ ಕೊಡ್ತಾರೆ. ಇವರದು ಬೇರೆ, ದಿನವೆಲ್ಲ ಮಣ್ಣಲ್ಲಿ ನಿಲ್ಲೋ ಕೆಲಸ." ನರ್ಸಮ್ಮ ಸಸಿಯಕ್ಕನ ಬಿರಿದ ಹಿಮ್ಮಡಿ ನೋಡಿದರು. "ಬರಿಗಾಲಲ್ಲೇ ನಿಲ್ತೀರಾ?"

"ಕಾಲಿಂದ್ಲೇ ಅಲ್ವಾ ನನಗೆ ಗೊತ್ತಾಗೋದು, ಮಣ್ಣು ಹಸಿಯೋ ಒಣವೋ ಅಂತ."

"ಆ ಮಣ್ಣು ಎಲ್ಲಿಂದ ತರ್ತಾರೆ?"

"ಹಿಂದಿನ ಬಯಲಿಂದ."

"ಬೆಳಿಗ್ಗೆ ಬಯಲಿಗೆ ಜನ ಯಾಕೆ ಹೋಗ್ತಾರೆ, ನಾನು ಹೇಳ್ಬೇಕಾ?"

ಸಸಿಯಕ್ಕ ತಲೆ ತಗ್ಗಿಸಿದಳು. ಹುಳದ ಮರಿಗಳು ಅಂಗಾಲಿನ ಚರ್ಮ ಕೊರೆದೇ ಒಳಗೆ ಹೋಗುತ್ತವಂತೆ. ಮಾತ್ರೆ ಒಳಗಿರುವ ಹುಳಗಳನ್ನಷ್ಟೇ ಕೊಲ್ಲುತ್ತದೆ. ನಾಳೆ ಬರಿಗಾಲಲ್ಲಿ ನಿಂತರೆ ಮತ್ತೆ ಅದೇ ಕಥೆ. ಇಪ್ಪತ್ತಾರು ವರ್ಷ ನೆಚ್ಚಿದ ಅಂಗಾಲೇ ಬಾಗಿಲು ತೆರೆದಿಟ್ಟಿತ್ತು. ಅವಳು ಮಾತ್ರೆ ಅಗಿದು ನುಂಗಿದಳು. "ಆ ಅನ್ನಿ," ಎಂದರು ನರ್ಸಮ್ಮ. ಸೊಸೆ ಸೆರಗಿನಲ್ಲಿ ನಗು ಮುಚ್ಚಿದಳು.

ಕಳೆದ ರಕ್ತ ತುಂಬಿಕೊಳ್ಳಲು ಕಬ್ಬಿಣಾಂಶದ ಮಾತ್ರೆ ಮೂರು ತಿಂಗಳು ನುಂಗಬೇಕಿತ್ತು. ಮೂರನೆಯ ವಾರಕ್ಕೆ ಸಸಿಯಕ್ಕ ರಬ್ಬರ್ ಬೂಟು ತೊಟ್ಟು ಪಾತಿಯ ಅಂಚಿಗೆ ಬಂದು ನಿಂತಳು. ಅಂಗಾಲು ಸ್ಪಷ್ಟವಾಗಿ ಏನೂ ಹೇಳಲಿಲ್ಲ. ಗೋಡೆಯ ಆಚೆ ಯಾರೋ ಮಾತಾಡಿದ ಹಾಗೆ, ಅಷ್ಟೇ. ಗೇಟಿನ ಬಳಿ ಕುರ್ಚಿ ಆಗಲೇ ಬಂದಿತ್ತು. ಒಂದು ಕ್ಷಣ ಅದು ಕರೆಯಿತು ಕೂಡ.

ಬೀಜದ ಹೆಸರು ಬರೆದು ನೆಟ್ಟಿದ್ದ ಕಡ್ಡಿಯೊಂದಿತ್ತು. ಮೊಣಕಾಲಿಗೆ ಕೈಯೂರಿ ಅವಳು ನಿಧಾನ ಬಗ್ಗಿದಳು. ಕಣ್ಣಂಚಿಗೆ ಕತ್ತಲೆ ಬಂದು ನಿಂತು, ಸರಿಯಿತು. ಕಡ್ಡಿ ಕಿತ್ತು, ಅದಕ್ಕೆ ಮಣ್ಣು ಎಷ್ಟು ಅಂಟಿದೆ ಎಂದು ಬೆಳಕಿಗೆ ಹಿಡಿದು ನೋಡಿದಳು.

"ಏನಂತೆ?" ದೂರದಿಂದ ಯಜಮಾನರು ಕೇಳಿದರು.

"ಬಾಯಾರಿದೆ ಅನ್ಸುತ್ತೆ."

ಅನಿಸುತ್ತದೆ ಎಂಬ ಮಾತನ್ನು ಅವಳು ಪಾತಿಯ ಮುಂದೆ ಆಡಿದ್ದು ಅದೇ ಮೊದಲು. ಕ್ಯಾನಿಗೆ ಅರ್ಧದಷ್ಟೇ ನೀರು ತುಂಬಿಸಿ, ಎರಡು ಕೈಯಲ್ಲೂ ಹಿಡಿದು, ಮೊದಲ ಪಾತಿಯ ಕಡೆ ನಡೆದಳು.