ಸೀಟು ಮಾವನ ಗಾಡಿ ಸದ್ದು

ಸೀಟು ಮಾವನಿಗೆ ಊರಿನ ಅರ್ಧ ಜನರ ಹೆಸರು ಗೊತ್ತಿರಲಿಲ್ಲ, ಕೂರುವ ಅಳತೆ ಮಾತ್ರ ಬಾಯಿಪಾಠ. ಮೋಟಾರ್‌ಸೈಕಲ್ಲಿನ ಸೀಟು ಹೊಲಿಯುವುದು ಅವರ ಕಸುಬು. ಅಂಗಡಿಗೆ ಬಂದವರನ್ನು ಹಿಂದಿನಿಂದ ಒಮ್ಮೆ ನೋಡಿ ಫೋಮಿಗೆ ಕತ್ತರಿ ಹಾಕುವರು. ಯಾರಾದರೂ ನಾಚಿಕೊಂಡರೆ, "ನಾಚ್ಕೋಬೇಡಪ್ಪ, ಡಾಕ್ಟ್ರೂ ನಾನೂ ಒಂದೇ," ಅನ್ನುವರು.

ಮದುವೆಯಾದ ಹೊಸದರಲ್ಲಿ ಹೆಂಡತಿ ಗಾಡಿಯ ಹಿಂದೆ ಕೂರಲು ಹೆದರುತ್ತಾಳೆಂದು ಹಿಂದಿನ ಸೀಟನ್ನು ಬಿಚ್ಚಿ ಬಿಚ್ಚಿ ಅಗಲ ಮಾಡಿದರಂತೆ. ಆಮೇಲೆ ಆಕೆ ಇಳಿಯಲೊಲ್ಲೆ ಅಂದದ್ದು ಬೇರೆ ಮಾತು. ಆ ಗಾಡಿಯ ಸದ್ದೇ ಒಂದು ಥರ. ನಡುನಡುವೆ ಕೆಮ್ಮುತ್ತಿತ್ತು. ಯಾವ ಮೆಕ್ಯಾನಿಕ್ ಕೈಗೂ ಆ ಕೆಮ್ಮು ಬಗ್ಗಲಿಲ್ಲ. ಸಂಜೆ ಬೀದಿಯ ತಿರುವಿನಲ್ಲಿ ಅದು ಕೇಳಿದ್ದೇ ತಡ, ಆಕೆ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು.

ಈಗ ಆಕೆಗೆ ಮರೆವಿನ ಕಾಯಿಲೆ. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಬೀದಿ ಕಡೆಯ ಕಿಟಕಿ ಪಕ್ಕದ ಮಂಚ. ಮಕ್ಕಳಿಲ್ಲ. ತಂಗಿಯ ಹೆಸರು ಹೋಯಿತು, ಮನೆಯ ದಾರಿ ಹೋಯಿತು, ಗಂಡನ ಮುಖವೂ ಹೋಯಿತು. ಉಳಿದದ್ದು ಆ ಗಾಡಿ ಸದ್ದೊಂದೇ. ಕಿಟಕಿ ಕೆಳಗೆ ಅದು ಕೆಮ್ಮಿದರೆ ಸಾಕು, ತಲೆಗೂದಲು ಸವರಿಕೊಂಡು, "ನಮ್ಮೋರು ಬಂದ್ರು," ಅನ್ನುವರು. ಅದಾದ ಮೇಲೆ ಬಾಗಿಲಲ್ಲಿ ಕಾಣುವ ಮನುಷ್ಯ ಗಂಡನೇ, ಅದರಲ್ಲಿ ಅನುಮಾನವಿಲ್ಲ. ಮಾವ ಮಧ್ಯಾಹ್ನವೆಲ್ಲ ಕೈ ಹಿಡಿದು ಕೂತು, ಆಕೆಗೆ ನಿದ್ದೆ ಹತ್ತಿದ ಮೇಲೆ ಏಳುತ್ತಿದ್ದರು.

ಇಂಥದ್ದರ ಮೇಲೆ ಪುರಸಭೆಯವರ ಕಣ್ಣು ಬಿತ್ತು ನೋಡಿ. ಆಸ್ಪತ್ರೆ ಬೀದಿಯಲ್ಲಿ ಬೈಕು ನಿಲ್ಲಿಸಿದರೆ ಗಂಟೆ ಲೆಕ್ಕದಲ್ಲಿ ಶುಲ್ಕ. ಕಾರುಗಳಿಗೆ ಹಿಂದಿನ ಅಂಗಳ ಬಿಟ್ಟಿ. ಯಾಕೆ ಅಂತ ಕೇಳಿದರೆ ಅಧಿಕಾರಿ ಪತ್ರಿಕೆಯವರ ಮುಂದೆ, "ಬೈಕಿನವರು ಕೆಲಸವಿಲ್ಲದ ಪುಂಡರು, ರೋಗಿಗಳ ನಿದ್ದೆ ಕೆಡಿಸ್ತಾರೆ," ಅಂದುಬಿಟ್ಟರು. ಬೈಕಿನವರೆಂದರೆ ಯಾರು? ಬೆಳಗಾಗುವ ಮೊದಲೇ ಎದ್ದು ಹಾಲು ಹಾಕುವವ, ಹೆರಿಗೆಗೆ ಓಡುವ ಸೂಲಗಿತ್ತಿ, ನಮ್ಮ ಮಾವ. ನಾಲಿಗೆಗೆ ಮೂಳೆಯಿಲ್ಲ ಅಂತ ಹೀಗೂ ಆಡುವುದೇ?

ಅಂದಿನಿಂದ ಮಾವನ ಒಂದು ಕಣ್ಣು ಹೆಂಡತಿಯ ಮೇಲೆ, ಒಂದು ಕಣ್ಣು ಗೋಡೆ ಗಡಿಯಾರದ ಮೇಲೆ. ಶುಲ್ಕ ಏರುವ ಮೊದಲು, ಆಕೆ ಎಚ್ಚರವಿರುವಾಗಲೇ ಎದ್ದು ಬರಬೇಕು. "ಇಷ್ಟು ಬೇಗ ಯಾಕ್ರೀ?" ಅಂತ ಆಕೆ ಕೇಳಿದರೆ ಮಾವ ಮತ್ತೊಮ್ಮೆ ಗಡಿಯಾರ ನೋಡಿ ಚಪ್ಪಲಿ ಮೆಟ್ಟುವರು. ಪೂರ್ತಿ ಒಂದು ಮಧ್ಯಾಹ್ನ ಆಕೆಯ ಪಕ್ಕ ಕೂರಬೇಕು, ಅವರಿಗೆ ಬೇಕಾದದ್ದು ಅಷ್ಟೇ.

ಬೈಕಿನವರೆಲ್ಲ ಮಾವನ ಅಂಗಡಿಯಲ್ಲಿ ಸೇರಿದರು. ಹಾಲಿನವನಿಗೆ ಮೈಯೆಲ್ಲ ಉರಿ.

"ಪುರಸಭೆ ಆಫೀಸಿನ ಸುತ್ತ ಹಾರ್ನ್ ಹೊಡ್ಕೊಂಡು ತಿರುಗೋಣ. ಕಿವಿ ಕಿತ್ತುಹೋಗ್ಬೇಕು ಅವನಿಗೆ."

"ಹಾಗೆ ಮಾಡಿದ್ರೆ ಅವನು ಹೇಳಿದ್ದೇ ನಿಜ ಆಗುತ್ತೆ ಕಣೋ," ಅಂದರು ಮಾವ. "ಎಂಜಿನ್ ಆಫ್ ಮಾಡಿ, ತಳ್ಕೊಂಡು ಹೋಗೋಣ. ಒಬ್ಬರೂ ಮಾತಾಡೋದು ಬೇಡ."

ಮಾರನೆಯ ದಿನ ಆಸ್ಪತ್ರೆ ಬೀದಿಯ ಈ ತುದಿಯಿಂದ ಆ ತುದಿವರೆಗೂ ಬೈಕು ತಳ್ಳುವವರೇ. ಚಕ್ರ ಉರುಳುವ ಸದ್ದು, ಏದುಸಿರು, ಇಷ್ಟೇ. ಸೂಲಗಿತ್ತಿ ಬೆವರು ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಬೈಗುಳಕ್ಕೆ ಸಿದ್ಧರಾಗಿ ಬಂದಿದ್ದ ಅಧಿಕಾರಿ ಪೆಚ್ಚಾದರು. ಪತ್ರಿಕೆಯವರು ಬೇರೆ ಫೋಟೋ ತೆಗೆಯುತ್ತಿದ್ದರು.

"ಪುಂಡರು ಅಂದಿದ್ದು ತಪ್ಪಾಯ್ತು," ಅಂದರು ಅಧಿಕಾರಿ. "ದಿನಾ ಹೀಗೇ ಬೀದಿ ತುದೀಲಿ ಎಂಜಿನ್ ಆಫ್ ಮಾಡಿ ತಳ್ಕೊಂಡು ಬನ್ನಿ. ನಿಮಗೆ ಶುಲ್ಕ ಬೇಡ."

ಜನ ಚಪ್ಪಾಳೆ ತಟ್ಟಿದರು. "ಎಲ್ಲಾ ಮಾವನ ತಲೆ," ಅಂತ ಹಾಲಿನವ ಅವರ ಬೆನ್ನಿಗೆ ಗುದ್ದಿದ. ಮಾವ ಕಿಟಕಿಯ ಕೆಳಗೆ ಗಾಡಿ ನಿಲ್ಲಿಸಿದರು. ಮಧ್ಯಾಹ್ನವೆಲ್ಲ ತಮ್ಮದೇ ಎಂಬ ಹಿಗ್ಗಿನಲ್ಲಿ ಹುಡುಗರ ಹಾಗೆ ಮೆಟ್ಟಿಲು ಹತ್ತಿದರು.

ಆಕೆ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಹೆಜ್ಜೆ ಸದ್ದಿಗೆ ತಿರುಗಿ, ಗುರುತಿಲ್ಲದವರನ್ನು ನೋಡುವಂತೆ ನೋಡಿದರು.

"ಯಾರು ಬೇಕಾಗಿತ್ತು?"

ಮಾವ ಹೊಸ್ತಿಲಲ್ಲೇ ನಿಂತರು. ನಾಳೆಯೂ ಹೀಗೇ ತಳ್ಳಿಕೊಂಡೇ ಬರಬೇಕು ಎಂಬುದು ಅವರಿಗೆ ಹೊಳೆದದ್ದು ಆಗ.

"ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ," ಎಂದರು ಆಕೆ, ಕುರ್ಚಿ ತೋರಿಸುತ್ತ. "ನಮ್ಮೋರು ಬರೋ ಹೊತ್ತು. ಇವತ್ತು ಯಾಕೋ ಗಾಡಿ ಸದ್ದೇ ಇಲ್ಲ."

ಮಾವ ಕೂತರು. ಆಕೆಯ ಕೈ ಮಡಿಲಲ್ಲೇ ಇತ್ತು, ಹಿಡಿಯುವ ಧೈರ್ಯವಾಗಲಿಲ್ಲ.

"ಬರ್ತಾರೆ," ಅಂದರು. "ನಾನೂ ಅವರಿಗೇ ಕಾಯ್ತಿದ್ದೀನಿ."