ಕೇಳಿದ ಮೇಲೆಯೇ ಕೊಡಿ

ನಮ್ಮತ್ತೆಯ ಮನೆಯಲ್ಲಿ ಉಣ್ಣುವವರು ರೊಟ್ಟಿ ಕೇಳುವ ಪದ್ಧತಿಯೇ ಇಲ್ಲ. ಬಡಿಸುವವರ ಕಣ್ಣು ತಟ್ಟೆಯ ಮೇಲಿರಬೇಕು, ಖಾಲಿಯಾಗುವ ಮುಂಚೆ ಇನ್ನೊಂದು ಬೀಳಬೇಕು. ಕೇಳಿಸಿಕೊಂಡು ಇಕ್ಕಿದ ಕೂಳು ಮೈಗೆ ಹತ್ತುವುದಿಲ್ಲ ಎನ್ನುವುದು ಅತ್ತೆಯ ಮಾತು. ಸವಳಂಗಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಅದರ ಬಿಸಿ ನನಗೂ ಮುಟ್ಟಿತ್ತು.

ಮಗಳಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಬಸ್ಸು ಹತ್ತಿ ಹೊನ್ನಾಳಿಗೆ ಥೆರಪಿಗೆ ಹೋಗತೊಡಗಿದೆವು. ಐದು ತುಂಬಿದ್ದರೂ ಅವಳ ಬಾಯಲ್ಲಿ ಒಂದು ಮಾತಿರಲಿಲ್ಲ. ಹಸಿವಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು, ಅಷ್ಟೆ. ಅವಳಿಗಿಷ್ಟವಾದದ್ದನ್ನು ಕಣ್ಣೆದುರು ಹಿಡಿದು, 'ಕೊಡು' ಎಂದು ನೀವೇ ಹೇಳಿ ತೋರಿಸಿ ಕಾಯಿರಿ, ಅವಳು ಕೇಳಿದ ತಕ್ಷಣ ಕೊಟ್ಟುಬಿಡಿ ಎಂದು ಅಲ್ಲಿನ ಮೇಡಂ ಹೇಳಿಕೊಟ್ಟರು. ನನಗೆ ಒಪ್ಪಿಗೆಯಾಯಿತು. ನಾಳೆ ನಾನಿಲ್ಲದ ಕಡೆ ನೀರು ಕೇಳಲೂ ಬಾರದೆ ಈ ಕೂಸು ಬಾಯಾರಿ ಕೂತರೆ ಗತಿಯೇನು ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಅತ್ತೆ ಒಪ್ಪಲಿಲ್ಲ. ನಾನು ಮಂಡಕ್ಕಿ ಹಿಡಿದು ಕಾಯುತ್ತಿದ್ದರೆ ಹಿಂದಿನಿಂದ ಬಂದು ಅವಳ ಮಡಿಲಿಗೆ ಬೊಗಸೆ ಸುರಿದುಬಿಡುತ್ತಿದ್ದರು. ನನ್ನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒಂದು ದಿನ ತಾಳ್ಮೆ ಕೆಟ್ಟು, ನೀವೇ ಅವಳನ್ನು ಮೂಗಿ ಮಾಡುತ್ತಿದ್ದೀರಿ ಅಂದೆ.

"ನಾಯಿಗೂ ಯಾರೂ ಹಿಂಗೆ ಆಸೆ ತೋರ್ಸಿ ಕಾಯ್ಸಲ್ಲ ಕಣವ್ವ," ಅಂದರು ಅತ್ತೆ. "ಹೆತ್ತ ಕೂಸಿನ ಕೈಲಿ ಬೇಡಿಸಾಕೆ ನಿನಗೆ ಮನಸ್ಸಾದ್ರೂ ಹೆಂಗೆ ಬರತೈತೆ?"

ಮಗಳು ಅತ್ತು ಕೆಂಪಗಾದಾಗ ಅದೇ ಪ್ರಶ್ನೆ ನನ್ನೊಳಗೂ ಏಳುತ್ತಿತ್ತು. ಮೇಡಂಗೆ ಹೇಳಿದೆ. ಅಳುವ ತನಕ ಕಾಯಿಸಲೇಬೇಡಿ ಎಂದು ಅವರು ನನ್ನನ್ನು ತಿದ್ದಿದರು. ಅತ್ತೆ ಮಾತ್ರ ನಾನು ಕಲಿಸುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಮೊದಲು ಕೈ ಚಾಚಿದ ಮಗಳು ಆಮೇಲೆ 'ಕೊ' ಅಂದಳು, ದೀಪಾವಳಿಯ ಹೊತ್ತಿಗೆ 'ಕೊಡು' ಅಂದಳು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಕಳೆದ ಬೇಸಿಗೆಯಲ್ಲಿ ಅತ್ತೆ ಜ್ವರ ಬಂದು ಮಲಗಿದರು. ಗಂಜಿ ತಂದರೂ ಬೇಡವೆಂದು ಗೋಡೆಗೆ ಮುಖ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಮಗಳು ತನ್ನ ತಟ್ಟೆಯಿಂದ ರೊಟ್ಟಿ ಎತ್ತಿಕೊಂಡು ಹೋಗಿ ಅವರ ಹಾಸಿಗೆಯ ಬಳಿ ಕೂತಳು. ಇನ್ನೊಬ್ಬರಿಗೆ ಏನನ್ನಾದರೂ ಕೊಡಲು ಅವಳು ಹೋದದ್ದು ಅದೇ ಮೊದಲು. ಒಂದು ಚೂರು ಮುರಿದು ಅಜ್ಜಿಯ ಮುಖದೆದುರು ಹಿಡಿದಳು. ಅತ್ತೆ ಕೈ ಚಾಚಿದರೆ ಹಿಂದಕ್ಕೆಳೆದುಕೊಂಡಳು. "ಕೊಡು," ಅಂದಳು, ನಾನು ಹೇಳಿಕೊಡುವ ಅದೇ ರಾಗದಲ್ಲಿ. ಆಮೇಲೆ ಅಜ್ಜಿಯ ಬಾಯನ್ನೇ ನೋಡುತ್ತ ಕಾದಳು.

ಕೊಡುವುದೆಂದರೆ ಹೀಗೇ ಎಂದು ಅವಳು ನನ್ನಿಂದಲೇ ಕಲಿತಿದ್ದಳು.

ಅತ್ತೆ ಚಾಚಿದ ಕೈ ಇಳಿಸಿದರು. ಕಟ್ಟಿಕೊಂಡ ಗಂಡನ ಹತ್ತಿರವೂ ಏನನ್ನೂ ಕೇಳಿದವರಲ್ಲ ಆಕೆ.

"ಕೊಡವ್ವ," ಅಂದರು.

ಮಗಳು ಚೂರನ್ನು ಅವರ ಬಾಯಿಗಿಟ್ಟು, ಇನ್ನೊಂದು ಮುರಿದು ಮತ್ತೆ ಎತ್ತಿ ಹಿಡಿದಳು. ರೊಟ್ಟಿ ಮುಗಿಯುವವರೆಗೂ ಅತ್ತೆ ಕೇಳುತ್ತಲೇ ಇದ್ದರು.